ಹೆಸರು ಇರ್ಲಿ

ದಾಂಡೇಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಧುಮತಿ ಅಕ್ಕೋರಿಗೆ ಏನು ಕಂಡರೂ ಜರ್ಮನಿಯ ಗಣಿತಜ್ಞೆ ನೋದರ್ ನೆನಪಾಗುತ್ತಾರೆ. ಊಟದ ಡಬ್ಬಿ ತೆರೆದರೆ ಮೊದಲು ಜೋಳದ ರೊಟ್ಟಿಯನ್ನು ಎತ್ತಿ ತಿರುಗಿಸುತ್ತಾರೆ: "ಎತ್ತಾಗ ತಿರುಗಿಸಿದ್ರೂ ಹಂಗ ಕಾಣತೈತಿ ನೋಡ್ರಿ. ಸೃಷ್ಟಿಯ ನಿಯಮಾನೂ ಹಿಂಗ ಅದಾವು, ಅದಕ್ಕ ಭೂಮಿ ತಿರುಗೂದು ನಿಂತಿಲ್ಲ. ಇದನ್ನ ತೋರಿಸಿಕೊಟ್ಟೋರು ನಮ್ಮ ನೋದರ್ ಅಕ್ಕೋರು." ನಿನ್ನೆಯ ನಿಯಮವೇ ಇವತ್ತೂ ಇರುವುದರಿಂದ ಶಕ್ತಿ ನಾಶವಾಗದೆ ಉಳಿಯುತ್ತದೆಂದು ಹಳಿಯಾಳ ಬರುವವರೆಗೂ ಬಸ್ಸಿನ ಕಂಡಕ್ಟರನಿಗೆ ವಿವರಿಸಿದ್ದಾರೆ, ಅವನೀಗ ಇವರನ್ನು ಕಂಡರೆ ಹಿಂದಿನ ಸೀಟಿಗೆ ಸರಿಯುತ್ತಾನೆ. ಆದರೆ ನೋದರ್ ಮಾಡಿದ ಪಾಠಗಳು ಹೆಣ್ಣೆಂಬ ಕಾರಣಕ್ಕೆ ಗಂಡಸಿನ ಹೆಸರಿನಲ್ಲಿ ನಡೆದವು ಎನ್ನುವಾಗ ಮಾತ್ರ ಅವರ ದನಿ ಇಳಿಯುತ್ತದೆ. ಅದಕ್ಕೇ ಇವರ ತಾಸಿನಲ್ಲಿ ಲೆಕ್ಕ ಬಿಡಿಸಿದ ಹುಡುಗಿ ಹಲಗೆಯ ಮೇಲೆ ತನ್ನ ಪೂರ್ತಿ ಹೆಸರು ಬರೆಯಲೇಬೇಕು. ಮುಂದಿನ ತಾಸಿನ ಮಾಸ್ತರು ಡಸ್ಟರ್ ಎತ್ತಿದರೆ ಅಕ್ಕೋರು ಬಾಗಿಲಲ್ಲೇ ನಿಂತು ಹೇಳುತ್ತಾರೆ: "ಲೆಕ್ಕ ಒರಸ್ರಿ ಸರ್, ಹೆಸರು ಇರ್ಲಿ."