ಮೀಸೆಗೊಂದು ಸೇತುವೆ

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಮೊನ್ನೆ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಜೊತೆಗಿದ್ದ ಮೊಮ್ಮಗಳು ನಾಚಿ ಪಕ್ಕಕ್ಕೆ ಸರಿದಳು.

ಒಳಗಿದ್ದದ್ದು ಪಿಂಗಾಣಿಯ ಬಟ್ಟಲು. ಗುಲಾಬಿ ಹೂವು, ಚಿನ್ನದ ಅಂಚು, ಬಾಯಿಯ ಒಂದು ಬದಿಗೆ ಸಣ್ಣ ಸೇತುವೆಯಂತಹ ಪಟ್ಟಿ. "ಮೀಸೆ ಬಟ್ಟಲು" ಎಂದು ಫಲಕ ಬರೆದಿದ್ದರು. ಕಾಗುಣಿತ ಸರಿಯಾಗಿಯೇ ಇತ್ತು, ಪರಿಶೀಲಿಸಿದೆ.

ಇಂಥದೇ ಬಟ್ಟಲು ಅಫಜಲಪುರದ ನಮ್ಮ ಮನೆಯಲ್ಲಿತ್ತು. ಆಗಿನ್ನೂ ನಿಜಾಮರ ಆಳ್ವಿಕೆ. ನಾನು ಪುಟ್ಟ ಹುಡುಗಿ. ಅಜ್ಜ ಅದನ್ನು ಹೈದರಾಬಾದಿನಿಂದ ತಂದಿದ್ದರು. ಆ ಪಟ್ಟಿ ಚಹಾಪುಡಿಯನ್ನು ತಡೆಯಲಿಕ್ಕೆಂದು ಅವರ ದೃಢ ನಂಬಿಕೆ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ನನ್ನ ಸೋದರತ್ತೆ ನೀಲವ್ವನನ್ನು ನೋಡಲು ಜೇವರ್ಗಿಯಿಂದ ಬೀಗರು ಬಂದ ದಿನ ಮಾತ್ರ ಬಟ್ಟಲು ಕಪಾಟಿನಿಂದ ಇಳಿಯಿತು. ವರ ಶಾಲೆಯ ಮಾಸ್ತರ. ಒಲೆಯ ಹಿಂದೆ ಕದ್ದು ಓದುತ್ತಿದ್ದ ಅತ್ತೆಗೆ ಈ ಸಂಬಂಧವೇ ಆಗಬೇಕಿತ್ತು...

ವರನ ತಂದೆ ಗೌಡರ ಮೀಸೆಯೋ, ಕೆನ್ನೆ ದಾಟಿ ಕಿವಿಯ ವಿಚಾರಣೆಗೆ ಹೊರಟಿತ್ತು. ಅಜ್ಜ ಅವರಿಗೇ ಆ ಬಟ್ಟಲಿನಲ್ಲಿ ಚಹಾ ಕೊಡಿಸಿದರು.

ನಮ್ಮ ಕಡೆ ಚಹಾ ಎಂದರೆ ಬಟ್ಟಲಿನಡಿಯ ತಟ್ಟೆಗೆ, ಅಂದರೆ ಬಶಿಗೆ ಸುರಿದು, ಊದಿ, ಸುರ್ರೆಂದು ಹೀರುವುದು. ಬಟ್ಟಲಿಗೇ ಬಾಯಿ ಹಚ್ಚುವವನು ಅವಸರಗೇಡಿ!

ಗೌಡರು ಬಟ್ಟಲನ್ನು ಬಶಿಗೆ ಬಾಗಿಸುತ್ತಾರೆ. ಪಟ್ಟಿಯ ಕಿಂಡಿಯಿಂದ ಹನಿ ಹನಿಯಾಗಿ ಇಳಿಯುತ್ತದೆ. ಇನ್ನಷ್ಟು ಬಾಗಿಸುತ್ತಾರೆ... ಚಹಾ ಪಟ್ಟಿಯನ್ನೇರಿ, ಬಶಿಯನ್ನು ಬಿಟ್ಟು, ಬಿಳಿಯ ಧೋತರದ ಮೇಲೆ ಸುರಿಯುತ್ತದೆ. ಬಶಿಗೆ ಬಿದ್ದಷ್ಟನ್ನು ಕುಡಿಯಹೋದರೆ ಮೀಸೆಯೇ ಮೊದಲು ಅದರಲ್ಲಿ ಮುಳುಗುತ್ತದೆ.

ತಲೆ ತಗ್ಗಿಸಿ ಕುಳಿತಿದ್ದ ಅತ್ತೆ ಕಿಸಕ್ಕನೆ ನಕ್ಕರು.

ಅಜ್ಜಿಯ ಮುಖ ಬಿಳಿಚಿತು. ನೋಡಲು ಬಂದವರ ಮುಂದೆ ಕನ್ಯೆ ನಗುವುದುಂಟೆ?

"ಯಾಕವ್ವಾ, ಏನ್ ಕಂಡು ನಗಾಕತ್ತಿ?" ಗೌಡರ ದನಿ ಗಡುಸಾಗಿತ್ತು.

ಅತ್ತೆ ತಲೆಯೆತ್ತಿದರು. "ಸಿಟ್ಟಾಗಬ್ಯಾಡ್ರಿ ಗೌಡ್ರೆ. ಬಶಿ ಬಿಡ್ರಿ, ಬಟ್ಲಕ್ಕ ಬಾಯಿ ಹಚ್ರಿ. ಆ ಪಟ್ಟಿ ಮೀಸಿ ಇಡಾಕ ಅದ ಅನಸ್ತದ್ರಿ."

ಗೌಡರು ಅನುಮಾನದಿಂದಲೇ ಮೀಸೆಯನ್ನು ಪಟ್ಟಿಯ ಮೇಲಿರಿಸಿ, ಉಳಿದ ಚಹಾ ಹೀರಿ, ಬೆರಳಿನಿಂದ ಮೀಸೆ ಮುಟ್ಟಿ ನೋಡಿದರು. ಹೊಸದಾಗಿ ಒಂದು ಹನಿಯೂ ತಾಗಿರಲಿಲ್ಲ!

ಗೌಡಸಾನಿಯವರು ತಡೆಯಲಾರದೆ ನುಡಿದರು: "ಲಗ್ನ ಆದಾಗಿಂದ ಇವರಕಿಂತ ಮೊದ್ಲ ಆ ಮೀಸಿ ಚಹಾ ಕುಡೀತದ್ರಿ, ನಾ ಒರಸಾಕತ್ತೇನಿ. ಈ ಹುಡುಗೀನ್ನ ಬಿಡಬ್ಯಾಡ್ರಿ!"

"ಹುಡುಗಿ ಪಸಂದ್ ಅದಾಳ," ಎಂದರು ಗೌಡರು. "ಆದ್ರ ಬಟ್ಲಾನೂ ಕೊಡಬೇಕ್ರಿ."

ಈಗ ಬಿಳಿಚಿದ್ದು ಅಜ್ಜನ ಮುಖ. "ಮಗಳನ್ನ ಒಯ್ರಿ, ಬ್ಯಾಡ ಅನ್ನಾಂಗಿಲ್ಲ. ಖರೆ, ಬಟ್ಲಾ ಮಾತ್ರ..."

ಆ ವಾಕ್ಯ ಪೂರ್ಣವಾಗಲೇ ಇಲ್ಲ. ಅಷ್ಟರಲ್ಲಿ ನೀಲವ್ವತ್ತೆ ಬಟ್ಟಲನ್ನು ತೊಳೆದು, ಒರೆಸಿ, ಕುಪ್ಪಸದ ಖಣದಲ್ಲಿ ಸುತ್ತಿ ಸೆರಗೊಡ್ಡಿಸಿ ಗೌಡಸಾನಿಯವರ ಉಡಿಗೆ ಹಾಕಿಯಾಗಿತ್ತು.

ನೋಡಲು ಬಂದ ಬೀಗರ ಉಡಿಯನ್ನು ಕನ್ಯೆಯೇ ತುಂಬಿ ಕಳುಹಿಸಿದ್ದನ್ನು ನಿಮ್ಮ ಮನೆತನದಲ್ಲಿ ಯಾರಾದರೂ ಕಂಡಿದ್ದಾರೆಯೇ?