ಎರಡು ಸಲ ಕುಟ್ಟಿದರೆ

ಟಕ್... ಟಕ್ ಟಕ್. ಮೊನ್ನೆ ಪಕ್ಕದ ಮನೆಯ ಕಿಟಕಿಗೆ ಬಡಗಿ ಮೊಳೆ ಹೊಡೆಯುತ್ತಿದ್ದ. ಕಾಫಿ ಲೋಟ ಹಿಡಿದವಳು ಹಾಗೇ ನಿಂತುಬಿಟ್ಟೆ. ಎಪ್ಪತ್ತರ ದಶಕದಲ್ಲಿ, ನಾನು ಟೀಚರಾಗಿದ್ದ ಜಗಳೂರಿನ ಶಾಲೆಯಲ್ಲಿ, ಇಂಗ್ಲಿಷ್ ಮೇಷ್ಟ್ರು ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದ ಸದ್ದೇ ಅದು.

ಒಂದು ಸಲ ಕುಟ್ಟಿದರೆ ಅವರು ಪ್ರಶ್ನೆ ಓದುತ್ತಾರೆ. ಎರಡು ಸಲ ಕುಟ್ಟಿದರೆ ಇಡೀ ಕ್ಲಾಸು ಉತ್ತರ ಹೇಳಬೇಕು. "ಅವರ್ ಸ್ಕೂಲ್ ಹ್ಯಾಸ್ ಎ ಬ್ಯೂಟಿಫುಲ್ ಗಾರ್ಡನ್" ಅಂತ ಮಕ್ಕಳು ಕಿರುಚಿದರೆ ರಸ್ತೆಯ ಬಸ್ಸಿನವರಿಗೂ ಕೇಳಬೇಕು. ಗಾರ್ಡನ್ ಇರಲಿ, ಆ ಅಂಗಳದಲ್ಲಿ ಹೆಸರಿಗೊಂದು ಗಿಡವೂ ಇರಲಿಲ್ಲ! ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲಿಂದಲೋ ಬರುತ್ತಿತ್ತು, ಉತ್ತರ ಎಲ್ಲಿಗೋ ಹೋಗುತ್ತಿತ್ತು. ಮೇಷ್ಟ್ರ ಕ್ಲಾಸಿನ ಮಕ್ಕಳು ಪಾಸಾಗುತ್ತಿದ್ದರು. ಕುರಿ ಮೇಯಿಸುವವರ ಮನೆಯ ಮಕ್ಕಳು ಇಂಗ್ಲಿಷಿನಲ್ಲಿ ಪಾಸಾಗುವುದು ಸಣ್ಣ ಮಾತೇ? ನನಗೆ ಸಣ್ಣದಾಗಿಯೇ ಕಂಡಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಹೊಸದಾಗಿ ಟೀಚರ್ ಆಗಿ ಬಂದಿದ್ದೆನಲ್ಲ, ನನ್ನ ಆಕ್ಸೆಂಟಿನ ಮೇಲೆ ಭಾರೀ ಪ್ರೌಡ್...

ಆ ವರ್ಷ ಪಬ್ಲಿಕ್ ಪರೀಕ್ಷೆ ಇಲ್ಲ, ಶಾಲೆಯವರೇ ಮಾರ್ಕ್ಸ್ ಕೊಡಬೇಕು, ಇಂಗ್ಲಿಷಿಗೆ ಓರಲ್ ಟೆಸ್ಟೂ ಇರಬೇಕು ಎಂದಾಯಿತು. ಹೆಡ್‌ಮಾಸ್ಟರು ಆ ಕೆಲಸ ನನಗೆ ವಹಿಸಿದರು.

"ಕಾನ್ವೆಂಟ್ ಮೇಡಂ ಬಂದಾರೆ. ಇನ್ನ ನಿಮ್ಮ ತಬಲ ಸಾಕ್ ಮಾಡ್ರಿ ಮೇಷ್ಟ್ರೇ" ಎಂದು ಸ್ಟಾಫ್ ರೂಮಿನಲ್ಲಿ ಉಳಿದ ಮೇಷ್ಟ್ರುಗಳು ನಕ್ಕರು. ನಾನೂ ನಕ್ಕೆ.

ಮೇಷ್ಟ್ರ ಕುರ್ಚಿಯಲ್ಲೇ ಕೂತು ಒಬ್ಬೊಬ್ಬರನ್ನೇ ಕರೆದೆ. ಬೆಳಿಗ್ಗೆ ಏನು ತಿಂದೆ ಎಂದು ಮೊದಲ ಹುಡುಗಿಯನ್ನು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಬಾಯಿ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಬೆರಳಿನಿಂದ ಚೌಕಟ್ಟನ್ನು ಎರಡು ಸಲ ಕುಟ್ಟಿದರು.

"ಐ ಈಟ್ ರೊಟ್ಟಿ ಅಂಡ್ ಚಟ್ನಿ, ಮೇಡಂ!"

ಯಾವ ಗೈಡಿನಲ್ಲೂ ಇಲ್ಲದ ವಾಕ್ಯ. ಅವಳದೇ ಸ್ವಂತದ್ದು. ಆಗ ನನಗೆ ಅದು ಹೊಳೆಯಲೇ ಇಲ್ಲ.

"ಗಂಟ್ಲಾಗೆ ಐತ್ರೀ ಮೇಡಂ, ತಟ್ಟಿದ್ರೆ ಹೊರಗ್ ಬರ್ತೈತೆ. ನಾನು ಸುಮ್ನೆ ಇಲ್ಲೇ ನಿಂತಿರ್ತೀನಿ" ಅಂದರು ಮೇಷ್ಟ್ರು.

"ನೋ ಸರ್. ಪ್ಲೀಸ್ ವೇಟ್ ಔಟ್‌ಸೈಡ್."

ಮಕ್ಕಳೆದುರಿಗೇ ಅಂದೆ. ಬಾಗಿಲೂ ಹಾಕಿಸಿದೆ. ಆಮೇಲೆ ಬಂದವರೆಲ್ಲ ಆ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತರು... ನಾನು ಸೊನ್ನೆ ಹಾಕುತ್ತ ಹೋದೆ.

ಮುಂದಿನ ವರ್ಷ ಇಂಗ್ಲಿಷ್ ನನ್ನದಾಯಿತು. ಮೇಷ್ಟ್ರ ಪಾಲಿಗೆ ಡ್ರಿಲ್ ಪೀರಿಯಡ್ ಬಂತು. ಅವರು ಹೊನ್ನಾಳಿ ಕಡೆಯ ಯಾವುದೋ ಹಳ್ಳಿಗೆ ವರ್ಗ ಮಾಡಿಸಿಕೊಂಡು ಹೋದರು. ನನ್ನ ಕ್ಲಾಸಿನಲ್ಲಿ ಮಕ್ಕಳು ಮಾತಾಡಿದರೇ? ಅಂಗಡಿಯವರ ಮನೆಯ ಒಂದಿಬ್ಬರು, ಅಷ್ಟೇ. ಉಳಿದವರು ನನ್ನ ತುಟಿ ನೋಡುತ್ತ ಕೂತಿರುತ್ತಿದ್ದರು.

ಮೇಷ್ಟ್ರನ್ನು ಕೊನೆಯ ಸಲ ಕಂಡದ್ದು ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ, ಎಷ್ಟೋ ವರ್ಷಗಳ ಮೇಲೆ. ನಾನು ದಾವಣಗೆರೆ ಬಸ್ಸಿನ ಕಿಟಕಿಯಲ್ಲಿದ್ದೆ. ಕೆಳಗಿನಿಂದ ನನ್ನನ್ನು ಗುರುತಿಸಿ ಕೈ ಮುಗಿದರು.

"ಹೌ ಆರ್ ಯು, ಸರ್?" ಅಂದುಬಿಟ್ಟೆ, ಅಭ್ಯಾಸ ನೋಡಿ.

ತುಟಿ ಅಲುಗಿತು, ಮಾತು ಬರಲಿಲ್ಲ. ಕಿಟಕಿಯ ಕಂಬಿ ನನ್ನ ಕೈಯಲ್ಲೇ ಇತ್ತು. ಕುಟ್ಟಬಹುದಿತ್ತು... ಅದೇ ಪ್ರಶ್ನೆಯನ್ನು ಇನ್ನೂ ಬಿಡಿಸಿ ಬಿಡಿಸಿ ಕೇಳಿದೆ.

ಕಂಡಕ್ಟರ್ "ರೈಟ್" ಅಂತ ಬಸ್ಸಿನ ಮೈಯನ್ನು ಎರಡು ಸಲ ಬಡಿದ.

"ಫೈನ್, ಮೇಡಂ. ಅಂಡ್ ಯು?" ಅಂದರು ಮೇಷ್ಟ್ರು.

ಬಸ್ಸು ಹೊರಟೇಬಿಟ್ಟಿತು.