ಹಕಾರದ ಹಂಗು

ನಾನು ಗಣಿತದ ಟೀಚರ್ ಆದದ್ದಕ್ಕೆ ಕನ್ನಡದ ಒಂದು ಅಕ್ಷರ ಕಾರಣ ಅಂದರೆ ಜನ ನಗುತ್ತಾರೆ. ನಗಲಿ. ಆ ಅಕ್ಷರ 'ಹ'. ನಮ್ಮದು ಮಳವಳ್ಳಿ ತಾಲ್ಲೂಕು, ಬಂಡೂರಿನ ಪಕ್ಕದ ಊರು. ಮಾತಿನ ಮೊದಲಲ್ಲಿ ಹಕಾರ ಬಂದರೆ ನಾವು ಅದನ್ನು ನುಂಗಿ ನೀರು ಕುಡಿಯುವ ಜನ. ಹಾಲು ನಮಗೆ ಆಲು, ಹೂವು ಊವು, ಹಸು ಅಸು. ಹಕ್ಕಿಯೂ ಅಕ್ಕಿ, ಅಕ್ಕಿಯೂ ಅಕ್ಕಿ. ಯಾವುದು ಹಾರುತ್ತದೆ, ಯಾವುದು ಬೇಯುತ್ತದೆ ಎಂಬುದರಲ್ಲಿ ನಮ್ಮೂರಿನ ಯಾರಿಗೂ ಗೊಂದಲವಾದದ್ದನ್ನು ನಾನು ಕಾಣೆ.

ಗೊಂದಲ ಶುರುವಾದದ್ದು ಹೈಸ್ಕೂಲಿನಲ್ಲಿ. "ನೀವು ಆ, ಊ ಅಂತ ಶುರು ಮಾಡೋ ಕಡೆಯೆಲ್ಲ ಒಂದು ಹಕಾರ ಕದ್ದು ಕೂತಿರುತ್ತೆ, ಹುಡುಕಿ ಬರೀರಿ" ಎಂದು ನಮ್ಮ ಕನ್ನಡ ಮೇಷ್ಟ್ರು ದಿನಾ ಗದರುತ್ತಿದ್ದರು. ಅವರು ಹೇಳಿದ್ದು ನಮ್ಮ ಒಳ್ಳೆಯದಕ್ಕೇ. ನಾನು ಅದನ್ನು ಸೂತ್ರದ ಹಾಗೆ ಬಾಯಿಪಾಠ ಮಾಡಿಕೊಂಡೆ. ಆಗಲೇ ನನ್ನದು ಗಣಿತದ ಬುದ್ಧಿ.

ಆ ಸೂತ್ರ ಕೈಕೊಟ್ಟದ್ದು ಮೈಸೂರಿನಲ್ಲಿ. ಕಾಲೇಜಿನ ಮೊದಲ ವರ್ಷ, ಪ್ರಬಂಧ ಸ್ಪರ್ಧೆ. ನಾನು ನಮ್ಮಪ್ಪನ ತಾಯಿಯ ಬಗ್ಗೆ ಬರೆದೆ. ಕುರಿಗೆ ಹೆಸರಾದ ಸೀಮೆಯಲ್ಲಿ ಕುರಿ ಬಿಟ್ಟು ಮೇಕೆ ಸಾಕಿದ ಹಟಮಾರಿ ಅವಳು. ಮೇಕೆಗೆ ನಮ್ಮ ಮನೆಯಲ್ಲಿ ಆಡು ಎನ್ನುತ್ತಿದ್ದೆವು. ಅದು ಸರಿಯಾದ ಮಾತೇ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯೇ ಇದೆಯಲ್ಲ. ಆದರೆ ನನಗೆ ಗಾದೆಗಿಂತ ಸೂತ್ರದ ಮೇಲೆ ನಂಬಿಕೆ. ಹಾಡು ಹೇಳುವುದಕ್ಕೆ ನಾವು 'ಆಡು ಏಳೋದು' ಎನ್ನುತ್ತೇವೆ. ಹಾಗಾದರೆ ಈ ಆಡಿನಲ್ಲೂ ಒಂದು ಹಕಾರ ಕದ್ದು ಕೂತಿರಲೇಬೇಕು ಎಂದು ಲೆಕ್ಕ ಹಾಕಿ, ಅಂದವಾದ ಅಕ್ಷರದಲ್ಲಿ ಹೀಗೆ ಬರೆದೆ: "ನಮ್ಮಜ್ಜಿ ದಿನವೂ ಹಾಡುಗಳನ್ನು ಮೇಯಿಸಲು ಹೊಲಕ್ಕೆ ಹೋಗುತ್ತಿದ್ದಳು. ಸಂಜೆ ಹಾಡುಗಳನ್ನೆಲ್ಲ ಎಣಿಸಿ ಕೊಟ್ಟಿಗೆಗೆ ಕೂಡುತ್ತಿದ್ದಳು."

ತೀರ್ಪುಗಾರರು ಬಹುಮಾನ ಹಂಚುವ ದಿನ ವೇದಿಕೆಯ ಮೇಲೆ ನಿಂತು ಅದನ್ನು ಓದಿದರು. ಹೆಸರು ಹೇಳಲಿಲ್ಲ, ಆದರೆ ನನ್ನ ಮುಖ ನೋಡಿದರೆ ಸಾಕಿತ್ತು. "ಈ ಹಾಡುಗಳು ಹಾಕುತ್ತಿದ್ದುದು ತಾಳವೋ ಹಿಕ್ಕೆಯೋ?" ಎಂದು ಕೇಳಿದರು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿದ್ದ ಗೆಳತಿಯರು ನಕ್ಕರು, ಅವರ ಜೊತೆ ನಾನೂ ಹಲ್ಲು ಕಿರಿದೆ. ಡಿಗ್ರಿ ಮುಗಿಯುವವರೆಗೂ ಹಾಸ್ಟೆಲಿನಲ್ಲಿ ನಾನು 'ಹಾಡು ಮೇಯಿಸೋಳು' ಆಗಿಯೇ ಉಳಿದೆ. ಕನ್ನಡ ಎಂ.ಎ. ಮಾಡಬೇಕೆಂದಿದ್ದವಳು ಗಣಿತ ಹಿಡಿದೆ. ಅಲ್ಲಿ ಎಕ್ಸ್ ಅನ್ನುವುದು ಮೈಸೂರಿನವರ ಬಾಯಲ್ಲೂ ಎಕ್ಸ್, ಮಳವಳ್ಳಿಯವರ ಬಾಯಲ್ಲೂ ಎಕ್ಸ್.

ಆದರೆ ಬರೆಯುವ ಚಟ ಸುಲಭಕ್ಕೆ ಬಿಡುವಂಥದ್ದಲ್ಲ. ಈಗ ನಾನಿರುವುದು ಮಂಡ್ಯದಲ್ಲಿ, ಪಾಠ ಮಾಡುವುದು ಮದ್ದೂರಿನ ಒಂದು ಹೈಸ್ಕೂಲಿನಲ್ಲಿ. ಬೆಳಗ್ಗೆ ರೈಲಿನಲ್ಲಿ ಸೀಟು ಸಿಕ್ಕಿದ ದಿನ ಮೊಬೈಲಿನಲ್ಲಿ ಏನಾದರೂ ಬರೆಯುತ್ತಿದ್ದೆ. ನಮ್ಮೂರಿನ ರೇಷ್ಮೆಹುಳದ ಮನೆ, ಬೆಳಕವಾಡಿಯ ಕಡೆಗೆ ಹೋಗುತ್ತಿದ್ದ ಹಳೆಯ ಬಸ್ಸು, ಇಂಥವು. ಒಂದೊಂದೇ ಪತ್ರಿಕೆಯಲ್ಲಿ ಬಂದವು. ಮಳವಳ್ಳಿಯಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರಿದ್ದಾರೆ; ನಮ್ಮ ಸೀಮೆಯವರು ಬರೆದದ್ದನ್ನು ಆರಿಸಿ ಸಣ್ಣ ಸಣ್ಣ ಪುಸ್ತಕ ಮಾಡುತ್ತಾರೆ. ಅವರು ನನ್ನವನ್ನು ಓದಿ, ಪುಸ್ತಕ ತರೋಣ ಎಂದು ತಾವಾಗಿಯೇ ಫೋನ್ ಮಾಡಿದರು. ನಾನು ಅವತ್ತು ಎರಡು ಲೋಟ ಕಾಫಿ ಕುಡಿದೆ.

ಬರಹಗಳನ್ನೆಲ್ಲ ಓದಿದ ಮೇಲೆ ಅವರು ಒಂದೇ ಒಂದು ಮಾತು ಹೇಳಿದರು. "ಎಲ್ಲದರಲ್ಲೂ ನಿಮ್ಮ ಅಜ್ಜಿ ಹಾದುಹೋಗ್ತಾರೆ ಮೇಡಂ, ಆದರೆ ಅಜ್ಜಿ ಮೇಲೇ ಒಂದು ಬರಹ ಇಲ್ಲ. ಅದು ಬಂದರೆ ಪುಸ್ತಕ. ಸಂಕ್ರಾಂತಿವರೆಗೆ ಕಾಯ್ತೀನಿ."

ಕಾದರು ಪಾಪ. ನನ್ನಿಂದ ನೆಟ್ಟಗೆ ಒಂದು ಸಾಲು ಹೊರಡಲಿಲ್ಲ. ಬೇರೆ ವಿಷಯ ಸರಾಗವಾಗಿ ಬರೆಯುತ್ತಿದ್ದವಳಿಗೆ, ಅಜ್ಜಿ ಎಂದು ಬರೆದ ಕೂಡಲೇ ಪ್ರತಿ ಅಕ್ಷರದ ಮೇಲೂ ಅನುಮಾನ. ಪ್ರತಿ ಪದಕ್ಕೂ ನಿಘಂಟು ತೆಗೆಯುತ್ತಿದ್ದೆ. ಬರೆಯುವುದು ಒಂದು ಸಾಲು, ಅಳಿಸುವುದು ಎರಡು. ಆ ಸಭಾಂಗಣದ ನಗು ರೈಲಿನ ಬೋಗಿಯೊಳಗೂ ಕೇಳಿಸುತ್ತಿತ್ತು. ಬರೆಯುವವರು ಬೇರೆ ಇದ್ದಾರೆ, ನೀನು ಲಸಾಅ ಮಸಾಅ ಮಾಡಿಕೊಂಡು ಬಿದ್ದಿರು ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಅಜ್ಜಿಯಿಲ್ಲದ ಪುಸ್ತಕವನ್ನು ಅಚ್ಚು ಹಾಕಿಸಲು ಮನಸ್ಸು ಒಪ್ಪಲಿಲ್ಲ. ಅಜ್ಜಿಯನ್ನು ಬರೆಯಲು ಧೈರ್ಯ ಬರಲಿಲ್ಲ. ಕೊನೆಗೆ ಒಂದು ಭಾನುವಾರ, ಪುಸ್ತಕವೇ ಬೇಡ ಎಂದು ಅವರಿಗೆ ಹೇಳಿಬಿಡಲು ಫೋನ್ ಕೈಗೆ ತೆಗೆದುಕೊಂಡೆ.

ನಮ್ಮವ್ವ ನನ್ನ ಜೊತೆಯಲ್ಲೇ ಇದ್ದಾಳೆ. ಅವತ್ತು ನಡುಮನೆಯಲ್ಲಿ ಕಾಲು ಚಾಚಿಕೊಂಡು, ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು.

"ಯಾಕವ್ವ ಮೊಕ ಅಂಗ್ ಮಾಡ್ಕಂಡಿದ್ದೀಯೆ?" ಎಂದಳು. ಹೀಗೀಗೆ ಎಂದೆ. "ಬರ್ದಿರದ ಓದು, ನಾನೂ ಕೇಳ್ತೀನಿ" ಎಂದಳು. ಅಳಿಸದೆ ಉಳಿದಿದ್ದ ಮೂರು ಸಾಲು ಓದಿದೆ. "ಅಜ್ಜಿ ಸರಳ ಜೀವಿ. ಪ್ರತಿನಿತ್ಯ ಮುಂಜಾನೆ ಮೇಕೆಗಳೊಂದಿಗೆ ಹೊಲದತ್ತ ಹೆಜ್ಜೆ ಹಾಕುತ್ತಿದ್ದರು. ಅವರ ಮೊಗದಲ್ಲಿ ಸದಾ ಮಂದಹಾಸ."

ಅವ್ವನ ಕೈ ನಿಂತಿತು. "ಯಾರ್ ಕಣವ್ವ ಇವ್ಳು?"

"ಅಜ್ಜಿ ಕಣವ್ವ."

"ನಮ್ಮತ್ತೆಯಾ? ಮಂದಾಸವಾ? ಆ ಮುದ್ಕಿ ಒಂದಿನ ನೆಟ್ಗೆ ನಕ್ಕಿದ್ದ ನಾನ್ ಕಾಣೆ. ಬಾಯ್ ಬುಟ್ರೆ ಬೈಗ್ಳ, ಇಲ್ದಿದ್ರೆ ಸೋಬಾನೆ. ಇವ್ಳ್ಯಾರೋ ಬ್ಯಾರೆ ಮನೆಯೋಳು ಬುಡು."

ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ಸರಿಯಾಗಿದ್ದುದರಿಂದ ಇನ್ನೂ ಜಾಸ್ತಿ ಬಂತು. ಅವ್ವ ಅದನ್ನೇನೂ ಗಮನಿಸದೆ, ಅತ್ತೆ ಮೇಕೆಗಳನ್ನು ಬೈಯುತ್ತಿದ್ದ ಹಾಗೆ ಬೈದು ತೋರಿಸತೊಡಗಿದಳು. "ಲೇ ಮುಂಡೇದೆ, ಆಚೆ ಒಲಕ್ಕೆ ಓದ್ಯಾ? ಕಾಲ್ ಮುರುದ್ ಕೈಗ್ ಕೊಟ್ಟೇನು! ಬತ್ತೀಯಾ ಬರಲ್ವಾ?" ಎಂದು ಕೂಗಿ, ಅದೇ ಉಸಿರಿನಲ್ಲಿ ಸೋಬಾನೆಯ ರಾಗ ಎಳೆದಳು. ಸೋಬಾನೆ ಮದುವೆಮನೆಯಲ್ಲಿ ಹೆಣ್ಣು ಗಂಡನ್ನು ಕೂರಿಸಿ ಹಾಡುವಂಥದ್ದು. ನಮ್ಮಜ್ಜಿ ಅದನ್ನು ಮೇಕೆಗಳಿಗೆ ಹಾಡುತ್ತಿದ್ದಳು. ಸಂಜೆ ಅವುಗಳನ್ನು ವಾಪಸ್ಸು ಕರೆಯಲು ಅವಳಿಗೆ ಬೇರೆ ಕೂಗು ಗೊತ್ತಿರಲಿಲ್ಲ. ನಾನು ಅದನ್ನು ಮರೆತೇಬಿಟ್ಟಿದ್ದೆ.

"ಅತ್ತೆ ಆಡು ಸುರು ಮಾಡುದ್ಲು ಅಂದ್ರೆ, ಎಲ್ಲೇ ಇದ್ರೂವೆ ಆಡು ಬತ್ತಿದ್ವು ಕಣವ್ವ" ಎಂದಳು ಅವ್ವ.

"ಯಾವ ಆಡು?" ಎಂದೆ.

ಇಷ್ಟು ಓದಿಸಿದ್ದು ದಂಡವಾಯಿತಲ್ಲ ಎನ್ನುವ ಹಾಗೆ ನನ್ನನ್ನು ನೋಡಿದಳು. "ಆಡು ಕಣವ್ವ, ಆಡು! ಇನ್ಯಾವುದು?"

ನಾನು ಫೋನ್ ಮಾಡಲಿಲ್ಲ. ಅದೇ ಫೋನಿನಲ್ಲಿ ಬರೆಯಲು ಕೂತೆ. ಅವ್ವನ ಬಾಯಿಂದ ಬಂದ ಹಾಗೆ, ಒಂದೇ ಒಂದು ಹಕಾರ ಹಾಕದೆ, ಒಲ, ಅಟ್ಟಿ, ಅಗ್ಗ, ಇಕ್ಕೆ ಎಂದು ಬರೆದುಕೊಂಡು ಹೋದೆ. ತಡೆಯುವವರು ಯಾರೂ ಇರಲಿಲ್ಲ. ಆ ತೀರ್ಪುಗಾರರನ್ನು ಈ ಭಾಷೆಯಲ್ಲಿ ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ? ಅವ್ವ ಅವರೆಕಾಳು ಹಿತುಕಿ, ಸಾರು ಮಾಡಿ, ಮುದ್ದೆ ತೊಳಸಿ ಕರೆಯುವ ಹೊತ್ತಿಗೆ ಅಜ್ಜಿ ಪೂರ್ತಿ ಬಂದು ಕೂತಿದ್ದಳು, ಬೈಗುಳದ ಸಮೇತ.

ಮಾರನೆಯ ದಿನ ರೈಲಿನಲ್ಲಿ ನಿಧಾನವಾಗಿ ಓದಿ, ಎಲ್ಲಿ ಬೇಕೋ ಅಲ್ಲಿ ಹಕಾರ ಸೇರಿಸಿದೆ. ಸಾರು ಕುದ್ದ ಮೇಲೆ ಉಪ್ಪು ನೋಡಿ ಹಾಕಿದ ಹಾಗೆ. ಮೊದಲು ನಾಲಗೆಯಿಂದ ಬರೆಯುವುದು, ಆಮೇಲೆ ಕಣ್ಣಿಂದ ತಿದ್ದುವುದು: ಅವತ್ತಿನಿಂದ ನನ್ನ ಪದ್ಧತಿ ಇದೇ. ಅಜ್ಜಿ ಬೈಯುವ ಕಡೆ ಮಾತ್ರ ಒಂದನ್ನೂ ಸೇರಿಸಲಿಲ್ಲ. ಆದರೆ ಬೇಡದ ಕಡೆ ಒಂದು ಹಕಾರವನ್ನು ಬೇಕೆಂದೇ ಹಾಕಿದೆ, ಶೀರ್ಷಿಕೆಯಲ್ಲಿ. 'ಹಾಡು ಮೇಯಿಸಿದವಳು.' ಯಾವ ಮಾತಿಗೆ ನನ್ನ ಮಾನ ಹೋಗಿತ್ತೋ ಅದೇ ಮಾತು. ಬರೆದು ನೋಡಿದಾಗ ಅದರಷ್ಟು ನಿಜವಾದ ಮಾತನ್ನು ನಾನು ಅದುವರೆಗೂ ಬರೆದಿರಲಿಲ್ಲ ಅನಿಸಿತು. ನನಗೆ ಹೆಮ್ಮೆಯಾಯಿತು. ನಮ್ಮ ಬಾಯಲ್ಲಿ ಅದು ಎಮ್ಮೆ. ಪರವಾಗಿಲ್ಲ, ಅಷ್ಟೇ ದೊಡ್ಡದಾಗಿಯೂ ಇತ್ತು. ಪುಸ್ತಕಕ್ಕೂ ಅದೇ ಹೆಸರಿರಲಿ ಎಂದು ಬರೆದು ಮಳವಳ್ಳಿಗೆ ಕಳಿಸಿದೆ.

ಒಂದು ವಾರದ ಮೇಲೆ, ನಾನು ಸ್ಟಾಫ್ ರೂಮಿನಲ್ಲಿದ್ದಾಗ ಮಳವಳ್ಳಿ ಮೇಷ್ಟ್ರ ಫೋನ್ ಬಂತು. "ಬಹಳ ಚೆನ್ನಾಗಿದೆ ಮೇಡಂ. ಓದ್ತಾ ಓದ್ತಾ ನಮ್ಮ ತಾಯಿ ಬಂದುಹೋದರು. ಅಂದಹಾಗೆ, ಶೀರ್ಷಿಕೆಯಲ್ಲಿ ಕೈತಪ್ಪಿ ಒಂದು ಹಕಾರ ಸೇರಿಬಿಟ್ಟಿತ್ತು. ತೆಗೆದಿದ್ದೀನಿ. ಆಡು ಮೇಯಿಸಿದವಳು, ಅಲ್ವಾ?"

ಎದುರಿನ ಮೇಜಿನಲ್ಲಿ ನಮ್ಮ ಶಾಲೆಯ ಕನ್ನಡ ಟೀಚರ್ ಕೂತಿದ್ದರು. ಹಿಂದಿನ ನಾನಾಗಿದ್ದರೆ, ತಪ್ಪಾಯ್ತು ಸಾರ್ ಎಂದು ಪುಸ್ತಕವನ್ನೇ ಅವರ ಕೈಗೆ ಕೊಟ್ಟು ಸುಮ್ಮನಾಗುತ್ತಿದ್ದೆ.

"ತೆಗೀಬ್ಯಾಡಿ ಸಾರ್" ಎಂದೆ. ದನಿ ಸ್ವಲ್ಪ ಜೋರೇ ಆಯಿತು. "ಅದು ತಪ್ಪಲ್ಲ, ನಮ್ಮಜ್ಜಿದು. ಅಂಗೇ ಬುಡಿ."

ಒಂದು ಹಕಾರವನ್ನು ಉಳಿಸಿಕೊಳ್ಳುವ ಆತುರದಲ್ಲಿ ಇನ್ನೊಂದನ್ನು ತುಂಬಿದ ಸ್ಟಾಫ್ ರೂಮಿನಲ್ಲಿ ನುಂಗಿದ್ದೆ. ಕನ್ನಡ ಟೀಚರ್ ತಲೆಯೆತ್ತಿ ನೋಡಿದರು. ನಾನೂ ನೋಡಿದೆ. ಆ ಕಡೆಯಿಂದ ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಅವರೂ ನಮ್ಮ ಸೀಮೆಯವರೇ ತಾನೇ. "ಆಯ್ತು ಬುಡಿ ಮೇಡಂ, ಅಂಗೇ ಓಗ್ಲಿ" ಎಂದರು.

ಪುಸ್ತಕ ಬಂದ ದಿನ ಮೊದಲ ಪ್ರತಿಯನ್ನು ಅವ್ವನ ಕೈಗೆ ಕೊಟ್ಟೆ. ಅವಳು ಓದಿರುವುದು ನಾಲ್ಕನೇ ಕ್ಲಾಸು. ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಮುಖಪುಟದ ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದಾಗಿ ಕೂಡಿಸಿ ಗಟ್ಟಿಯಾಗಿ ಓದಿದಳು.

"ಆಡು... ಮೇಯಿಸಿದವಳು."

ಇನ್ನೊಂದು ಸಲ ಬೆರಳಾಡಿಸಿ ತಲೆದೂಗಿದಳು.

"ಸರ್ಯಾಗ್ ಬರ್ದಿದ್ದೀಯ ಕಣವ್ವ. ನಮ್ಮತ್ತೆ ಮೇಯ್ಸಿದ್ದು ಅದ್ನೇಯ."